ಡಿಸ್ಕ್, ಪ್ಯಾಡ್, ಕ್ಯಾಲಿಪರ್, ಲೈನರ್ ಎಲ್ಲಾ ಹೊಸದು ಹಾಕಿದ ಮ್ಯಾಲೂ ಬ್ರೇಕ್ ಪೆಡಲ್ ಕೆಳಗ ಹೋಗ್ತೈತಿ

ನವನಗರ_47 (ಬಾಗಲಕೋಟ)

ಗಾಡಿ 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದ ಡಿಸ್ಕ್, ಹಿಂದ ಡ್ರಮ್, ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂಗ ತಡಿಯೂ ವ್ಯವಸ್ಥಾ) ಐತಿ. ಓಡಿದ್ದು 92,000 ಕಿ.ಮೀ.

ಮನ್ಯಾಗ ಬದಲಿ ಮಾಡಿದ್ದು: ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಸೆಟ್, ಎರಡೂ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೂ ಭಾಗ), ಹಿಂದಿನ ಲೈನರ್ (ಡ್ರಮ್ ಒಳಗ ಒತ್ತಿ ಹಿಡಿಯೂದು) ಎರಡೂ ಕಡೆ. ಡಾಟ್ 4 ಬ್ರೇಕ್ ಆಯಿಲ್ ಅರ್ಧ ಲೀಟರ್ ಮುಗಿಯೂತನಕ ನಾಲ್ಕೂ ಗಾಲಿದು ಏರ್ (ಬ್ರೇಕ್ ಪೈಪಿನೊಳಗಿನ ಗಾಳಿ) ತಗದಾತು.

ಈಗ ಹಿಂಗೈತಿ: ಇಂಜಿನ್ ಬಂದ್ ಇದ್ದಾಗ ಪೆಡಲ್ ಬರೋಬ್ಬರಿ ಅನಸ್ತೈತಿ. ಚಾಲೂ ಮಾಡಿ ತುಳಿದ್ರ ಮುಕ್ಕಾಲು ಕೆಳಗ ಹೋಗ್ತೈತಿ. ಮತ್ತೊಮ್ಮೆ ತುಳಿದ್ರ ಮ್ಯಾಲ ಬರ್ತೈತಿ, ಆದ್ರ ಸ್ಪಂಜ್ ತುಳದಂಗ. ಹ್ಯಾಂಡ್ ಬ್ರೇಕ್ 11 ಹಲ್ಲು ಎತ್ತಬೇಕು. ಎಬಿಎಸ್ ಲೈಟ್ ಹತ್ತಿದ್ದು ಆರವಲ್ದು. ಎಲ್ಲೂ ಆಯಿಲ್ ಸೋರಿಲ್ಲ. ಸ್ಪೇರ್ ಅಂಗಡ್ಯಾಗ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಗಾಲಿಗೆ ನೂಕೂ ಭಾಗ) ಬದಲಿ ಮಾಡ್ರಿ ಅಂದ್ರು. ತರಬೇಕೋ ಬ್ಯಾಡೋ?

ಹತ್ತು_ನಂಬರ್_ಪಾನಾ (ಜಮಖಂಡಿ)

ತರಬ್ಯಾಡ್ರಿ. ಮೊದಲ ಗಾಡಿ ಹೊರಗ ತಗೀಬ್ಯಾಡ್ರಿ, ಓಣ್ಯಾಗ ಸೈತ ಬ್ಯಾಡ.

ಕೆಲಸ ಮಾಡೂಕ್ಕಿಂತ ಮುಂಚೆ ಪೆಡಲ್ ಬರೋಬ್ಬರಿ ಇತ್ತು, ಮಾಡಿದ ಮ್ಯಾಲ ಕೆಟ್ಟಿತು ಅಂದ್ರ ತಪ್ಪು ನೀವು ಕೈ ಹಾಕಿದ ಜಾಗದಾಗ ಐತಿ ಅಂತ ಹಿಡೀರಿ. ಕೈ ಹಾಕದ ಮಾಸ್ಟರ್ ಸಿಲಿಂಡರ್‌ಗೆ ಹೋಗೂದು ಕಡೀಕ.

ನೀವು ಬರದಿದ್ರಾಗ ಎರಡು ತಕರಾರು ಕೂಡ್ಯಾವ. ಒಂದನೇ ತುಳಿತಕ್ಕ ಕೆಳಗ, ಎರಡನೇದಕ್ಕ ಮ್ಯಾಲ: ಇದು ಗ್ಯಾಪಿನ ಮಾತು. ಹಿಂದ ಲೈನರ್ ಡ್ರಮ್‌ಗೆ ಮುಟ್ಟಲಿಕ್ಕೇ ಬಾಳ ಆಯಿಲ್ ಬೇಕಾಗೇತಿ. ಹ್ಯಾಂಡ್ ಬ್ರೇಕ್ 11 ಹಲ್ಲು ಅನ್ನೂದು ಅದಕ್ಕ ಸಾಕ್ಷಿ. ಮ್ಯಾಲ ಬಂದ ಮ್ಯಾಲೂ ಗಟ್ಟಿ ನಿಲ್ಲದ ಮೆತ್ತಗ ಇರೂದು ಗಾಳಿ. ಬರೇ ಗ್ಯಾಪ್ ಇದ್ರ ಎರಡನೇ ತುಳಿತಕ್ಕ ಪೆಡಲ್ ಕಲ್ಲಿನಂಗ ನಿಲ್ಲಬೇಕು.

ಇಂಜಿನ್ ಬಂದ್ ಇದ್ದಾಗ ಬರೋಬ್ಬರಿ ಅನಸೂದಕ್ಕ ಮೋಸ ಹೋಗಬ್ಯಾಡ್ರಿ. ಬೂಸ್ಟರ್‌ನಾಗ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳದು ಮಾಡೂ ನಿರ್ವಾತ) ಇಲ್ಲದಾಗ ನಿಮ್ಮ ಕಾಲಿನ ಜೋರು ಅಷ್ಟ ಇರ್ತೈತಿ, ಗಾಳಿ ಬಾಳ ಒತ್ತೂದಿಲ್ಲ. ಚಾಲೂ ಆದ ಮ್ಯಾಲ ಬೂಸ್ಟರ್ ಜೋರು ಕೂಡ್ತೈತಿ, ಅಡಗಿದ ಗಾಳಿ ಆಗ ಗೊತ್ತಾಗ್ತೈತಿ.

ಮಾಸ್ಟರ್ ಸಿಲಿಂಡರ್ ಮ್ಯಾಲ ಸಂಶಯ ಇದ್ರ ಪುಕ್ಕಟೆ ಪರೀಕ್ಷೆ ಐತಿ. ಇಂಜಿನ್ ಬಂದ್ ಮಾಡಿ ಐದಾರು ಸಲ ತುಳಿದು ವ್ಯಾಕ್ಯೂಮ್ ಖಾಲಿ ಮಾಡ್ರಿ. ಆಮ್ಯಾಲ ಒಂದ ಜೋರಿನಾಗ ಒತ್ತಿ 30 ಸೆಕೆಂಡ್ ಹಿಡೀರಿ. ಪೆಡಲ್ ಮೆಲ್ಲಕ ಕೆಳಗ ಜಾರಿದ್ರ, ಹೊರಗ ಸೋರಿಕೆ ಇಲ್ಲದಿದ್ರ, ಒಳಗಿನ ರಬ್ಬರ್ ಸೀಲ್ ಹೋಗೇತಿ. ಜಾರದಿದ್ರ ಅದನ್ನ ಮರತು ಬಿಡ್ರಿ.

ಚೋರ್ಲಾ_ತಿರುವು (ಬೆಳಗಾವಿ)

ಮೇಲಿನ ಮಾತಿಗೆ ಒಂದೇ ಪ್ರಶ್ನೆ ಸೇರಿಸುತ್ತೇನೆ. ಗಾಡಿಯಲ್ಲಿ ಕೂತಿರುವ ಕ್ಯಾಲಿಪರ್‌ಗಳ ಏರ್ ನಿಪ್ಪಲ್ (ಗಾಳಿ ಹೊರಬಿಡುವ ಸ್ಕ್ರೂ) ಮೇಲಕ್ಕಿದೆಯೋ ಕೆಳಕ್ಕಿದೆಯೋ ನೋಡಿ ಹೇಳಿ.

ನವನಗರ_47

ಪರೀಕ್ಷೆ ಮಾಡಿದೆ ಅಣ್ಣಾರ, 30 ಸೆಕೆಂಡ್ ಹಿಡಿದ್ರೂ ಪೆಡಲ್ ಜಾರಲಿಲ್ಲ.

ನಿಪ್ಪಲ್ ಎರಡೂ ಕಡೆ ಕೆಳಗ ಐತಿ ಸರ. ಹೋಸ್ ಪೈಪ್ ಮ್ಯಾಲಿನ ತೂತಿಗೆ ಕೂತೈತಿ. ಬೋಲ್ಟ್ ಸರಳ ಕುಂತಾವು, ಹಂಗಾಗಿ ಬರೋಬ್ಬರಿ ಅಂತ ತಿಳದಿದ್ದೆ.

ಚೋರ್ಲಾ_ತಿರುವು

ಸಿಕ್ಕಿತು. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹೋಗಿದೆ. ಬಹಳ ಗಾಡಿಗಳಲ್ಲಿ ಇವೆರಡೂ ಒಂದಕ್ಕೊಂದು ಕನ್ನಡಿಯ ಬಿಂಬದ ಹಾಗಿರುತ್ತವೆ, ಅದಲುಬದಲು ಮಾಡಿದರೂ ಬೋಲ್ಟ್ ತಕರಾರಿಲ್ಲದೆ ಕೂರುತ್ತದೆ. ಗಾಳಿ ಯಾವಾಗಲೂ ಎಣ್ಣೆಯ ಮೇಲೆ ತೇಲುತ್ತದೆ. ನಿಪ್ಪಲ್ ತಳದಲ್ಲಿದ್ದರೆ ಪಿಸ್ಟನ್ನಿನ ಹಿಂದೆ, ಮೇಲ್ಗಡೆ ಒಂದು ಗುಳ್ಳೆ ಕೂತೇ ಇರುತ್ತದೆ. ಹತ್ತು ಲೀಟರ್ ಸುರಿದರೂ ಕೆಳಗಿನಿಂದ ಶುದ್ಧ ಎಣ್ಣೆಯೇ ಬರುತ್ತದೆ, ಗುಳ್ಳೆ ಅಲುಗುವುದಿಲ್ಲ.

ಕ್ಯಾಲಿಪರ್ ಕಳಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಕಟ್ಟಿಗೆ ತುಂಡು ಇಟ್ಟು, ನಿಪ್ಪಲ್ ಮೇಲೆ ಬರುವಂತೆ ಕೈಯಲ್ಲಿ ಹಿಡಿದು ಏರ್ ತೆಗೆಯುವ ಉಪಾಯವೂ ಇದೆ. ಕಟ್ಟಿಗೆ ಮರೆತು ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಹಾರುತ್ತದೆ. ನಿಮ್ಮ ಗಾಡಿಗೆ ಆ ಉಪಾಯ ಬೇಡ, ಅದಲುಬದಲು ಸರಿಮಾಡಿ. ಈಗ ಹೋಸ್ ತಪ್ಪು ಕಡೆಯಿಂದ ಬಂದು ಸೇರಿದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಗಾಲಿಗೋ ಸ್ಟ್ರಟ್‌ಗೋ ಉಜ್ಜುತ್ತದೆ.

ಮಾಡುವಾಗ ಗಮನಿಸಬೇಕಾದದ್ದು ಇಷ್ಟು. ಹೋಸ್ ತುದಿಯ ಬ್ಯಾಂಜೋ ಬೋಲ್ಟಿಗೆ ಎರಡೂ ಬದಿಗೆ ಒಂದೊಂದು ತಾಮ್ರದ ವಾಶರ್ ಇರುತ್ತದೆ. ಎರಡು ಗಾಲಿಗೆ ನಾಲ್ಕು ಹೊಸ ವಾಶರ್ ತನ್ನಿ. ಒಮ್ಮೆ ಚಪ್ಪಟೆಯಾದ ವಾಶರ್ ಮತ್ತೆ ಹಾಕಿದರೆ ಸೋರುತ್ತದೆ, ಸೋರುತ್ತದೆಂದು ಜಾಸ್ತಿ ಬಿಗಿದರೆ ಒಳಗೆ ತೂತಿರುವ ಆ ಬೋಲ್ಟ್ ಮುರಿಯುತ್ತದೆ. ಹೋಸ್ ಮೇಲಿನ ಬಣ್ಣದ ಗೆರೆ ತಿರುಚದೆ ನೇರ ಇರಲಿ. ಬಿಗಿದ ಮೇಲೆ ಸ್ಟೇರಿಂಗ್ ಎರಡೂ ಕಡೆ ಕೊನೆಯತನಕ ತಿರುಗಿಸಿ ಹೋಸ್ ಎಲ್ಲೂ ಜಗ್ಗದೆ, ತಾಗದೆ ಇರುವುದನ್ನು ನೋಡಿ.

ಇಳಕಲ್_ಅಂಚು (ಬಾಗಲಕೋಟ ಜಿಲ್ಲೆ)

ಕ್ಯಾಲಿಪರ್ ಹೆಂಗೂ ಬಿಚ್ಚತೀರಿ, ಸ್ಲೈಡ್ ಪಿನ್ನಿಗೆ (ಕ್ಯಾಲಿಪರ್ ಸರದಾಡೂ ಕಡ್ಡಿ) ಬೇರಿಂಗ್ ಗ್ರೀಸ್ ತುಂಬಿ ಹಾಕ್ರಿ, ಸುಲಭ ಸರದಾಡ್ತಾವ.

ಹತ್ತು_ನಂಬರ್_ಪಾನಾ

ಬ್ಯಾಡ, ಬ್ಯಾಡ. ಬೇರಿಂಗ್ ಗ್ರೀಸ್ ಪೆಟ್ರೋಲಿಯಂದು. ಪಿನ್ನಿನ ರಬ್ಬರ್ ಬೂಟ್ ಅದರಿಂದ ಉಬ್ಬಿ ಮೆತ್ತಗಾಗ್ತೈತಿ, ಕೆಲವು ತಿಂಗಳಿಗೆ ಪಿನ್ ಕಚ್ಚಿ ಹಿಡೀತೈತಿ. ಸಿಲಿಕೋನ್ ಬ್ರೇಕ್ ಗ್ರೀಸ್ ಸಿಗ್ತೈತಿ, ಸಣ್ಣ ಪುಡಿಕೆ ನಾಕೂ ಪಿನ್ನಿಗೆ ಸಾಕು. ತೆಳ್ಳಗ ಸವರಬೇಕು. ತೂತಿನ ತಳದಾಗ ಗ್ರೀಸ್ ತುಂಬಿದ್ರ ಪಿನ್ ಒಳಗ ಹೋಗಲಾರದ ಹೊರಗ ನೂಕ್ತೈತಿ, ಹೊರಗಿನ ಪ್ಯಾಡ್ ಡಿಸ್ಕ್ ಬಿಡೂದಿಲ್ಲ.

ಎರಡು ಪಿನ್ ಒಂದ ಥರ ಇರ್ತಾವಂತ ತಿಳೀಬ್ಯಾಡ್ರಿ. ಕೆಲವು ಗಾಡ್ಯಾಗ ಒಂದರ ತುದಿಗೆ ರಬ್ಬರ್ ಬುಶ್ ಇರ್ತೈತಿ. ಅದು ಮ್ಯಾಲಿಂದೋ ಕೆಳಗಿಂದೋ ಬಿಚ್ಚೂವಾಗ ಗುರುತು ಹಾಕ್ರಿ.

ಬಿಗಿತ ಮ್ಯಾನ್ಯುಯಲ್‌ನಾಗ ನೋಡೇ ಹಾಕಬೇಕು. ಅಂದಾಜು ಹೇಳೂದಾದ್ರ ಸಣ್ಣ ಹ್ಯಾಚ್‌ಬ್ಯಾಕಿಗೆ ಸ್ಲೈಡ್ ಪಿನ್ ಬೋಲ್ಟ್ 25ರಿಂದ 35 ನ್ಯೂಟನ್ ಮೀಟರ್, ಬ್ರಾಕೆಟ್ (ಕ್ಯಾಲಿಪರ್ ಹಿಡಿಯೂ ಚೌಕಟ್ಟು) ಬೋಲ್ಟ್ 80ರಿಂದ 110, ಗಾಲಿ ನಟ್ 85ರಿಂದ 110, ಏರ್ ನಿಪ್ಪಲ್ ಬರೇ 7ರಿಂದ 10. ನಿಪ್ಪಲ್ ಉದ್ದ ಪಾನಾ ಹಚ್ಚಿ ಜಗ್ಗಿದ್ರ ಕತ್ತು ಮುರೀತು ಅಂತಾನ ಲೆಕ್ಕ.

ನವನಗರ_47

ಕ್ಯಾಲಿಪರ್ ಬದಲಿ ಮಾಡ್ತೀನಿ. ಏರ್ ಹೆಂಗ ತಗೀಬೇಕಂತ ಒಮ್ಮೆ ಪೂರ್ತಿ ಹೇಳ್ರಿ. ಇಷ್ಟು ದಿನ ಒಬ್ಬರು ಜೋರ್ ಜೋರ್ ಪಂಪ್ ಹೊಡಿಯೂದು, ಮತ್ತೊಬ್ಬರು ನಿಪ್ಪಲ್ ಬಿಚ್ಚೂದು ನಡದಿತ್ತು.

ಗುಮ್ಮಟ_ರಿಂಗ್‌ರೋಡ್ (ವಿಜಯಪುರ)

ಜೋರ್ ಪಂಪ್ ಹೊಡದ್ರ ಒಂದ ದೊಡ್ಡ ಗುಳ್ಳಿ ನೂರು ಸಣ್ಣ ಗುಳ್ಳಿ ಆಗ್ತದ, ಹಾಲಿನ ನೊರಿ ಇದ್ದಂಗ. ಅಂಥಾ ನೊರಿ ಬೇಗ ಬರೂದಿಲ್ಲ. ಮೆಲ್ಲಕ ಒತ್ತಬೇಕು.

ಸಾಮಾನು: ಸೀಲ್ ಒಡಿಯದ ಡಾಟ್ 4 ಒಂದು ಲೀಟರ್, ನಿಪ್ಪಲ್‌ಗೆ ಬಿಗಿಯಾಗಿ ಕೂಡೂ ಪಾರದರ್ಶಕ ಪೈಪ್ ಎರಡು ಫೂಟ್, ಒಂದು ಬಾಟಲಿ, ರಿಂಗ್ ಪಾನಾ. ನಿಪ್ಪಲ್ 8 ಇರಬಹುದು, 10 ಇರಬಹುದು. ಬಾಯಿ ತೆರದ ಪಾನಾದಿಂದ ಬಿಚ್ಚಿದ್ರ ಮೂಲಿ ಸವೀತಾವ. ಪೆಡಲ್ ಕೆಳಗ ಒಂದು ಕಟ್ಟಿಗಿ ತುಂಡು ಇಡ್ರಿ, ಪೆಡಲ್ ಪೂರ್ತಿ ತಳಕ್ಕ ಹೋಗಬಾರದು. 92,000 ಓಡಿದ ಮಾಸ್ಟರ್ ಸಿಲಿಂಡರ್ ಒಳಗ ಸೀಲ್ ದಿನಾ ಸರದಾಡೂ ಜಾಗ ಅಷ್ಟ ನುಣುಪು ಇರ್ತದ, ಅದರ ಮುಂದ ಕೆಸರು, ತುಕ್ಕು ಕುಂತಿರ್ತದ. ತಳತನಕ ಒತ್ತಿದ್ರ ಸೀಲ್ ಆ ತುಕ್ಕಿನ ಮ್ಯಾಲ ಹಾದು ಹರೀತದ. ಚಲೋ ಇದ್ದ ಮಾಸ್ಟರ್ ಸಿಲಿಂಡರ್ ಏರ್ ತಗೀವಾಗನ ಕೆಡೂದು ಹಿಂಗ.

ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ಬಾಟಲಿಯೊಳಗಿನ ಬ್ರೇಕ್ ಆಯಿಲ್‌ನಾಗ ಮುಳುಗಿರಲಿ. ಪೈಪ್ ಮೊದಲ ಮ್ಯಾಲ ಹೋಗಿ ಆಮ್ಯಾಲ ಕೆಳಗ ಇಳೀಲಿ. ಒಬ್ರು ಪೆಡಲ್ ಮೆಲ್ಲಕ ಒತ್ತಿ "ಒತ್ತೀನಿ" ಅನ್ಬೇಕು. ಕೆಳಗಿನವ್ರು ಕಾಲು ಸುತ್ತು ಬಿಚ್ಚಿ, ಆಯಿಲ್ ಬಂದು, ಪೆಡಲ್ ಕಟ್ಟಿಗಿಗೆ ಮುಟ್ಟೂದ್ರಾಗ ಬಂದ್ ಮಾಡಿ "ಬಿಡ್ರಿ" ಅನ್ಬೇಕು. ಬಂದ್ ಮಾಡೂಕ್ಕಿಂತ ಮುಂಚೆ ಕಾಲು ತಗದ್ರ ನಿಪ್ಪಲ್‌ನ ಚೂಡಿ (ಸ್ಕ್ರೂ ಗೆರೆ) ಸಂದಿಯಿಂದ ಗಾಳಿ ವಾಪಸ್ ಒಳಗ ಬರ್ತದ. ಪ್ರತಿ ಎಂಟು-ಹತ್ತು ತುಳಿತಕ್ಕೊಮ್ಮೆ ಮ್ಯಾಲಿನ ಬ್ರೇಕ್ ಆಯಿಲ್ ಡಬ್ಬಿ ನೋಡ್ರಿ. ಡಬ್ಬಿ ಖಾಲಿಯಾಗಿ ಒಮ್ಮೆ ಗಾಳಿ ಎಳೀತು ಅಂದ್ರ ಎಲ್ಲಾ ಮತ್ತ ಮೊದಲಿಂದ.

ಕ್ರಮ ಮ್ಯಾನ್ಯುಯಲ್ ಹೇಳಿದ್ದೇ ಪ್ರಮಾಣ. ಅದರಾಗ ಇಲ್ಲದಿದ್ರ ದೂರದ ಗಾಲಿಯಿಂದ ಸುರು. ನಮ್ಮ ಕಡೆ ಸ್ಟೇರಿಂಗ್ ಬಲಕ್ಕಿರೂದ್ರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ.

ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಆಧಾರದವು. ಡಾಟ್ 5 ಸಿಲಿಕೋನ್, ಅದನ್ನ ಇವುಗಳ ಜೋಡಿ ಕೂಡಿಸಬಾರದು. 5ಕ್ಕೂ 5.1ಕ್ಕೂ ಹೆಸರಿನಾಗ ಬರೇ ".1" ಫರಕು, ಅಂಗಡ್ಯಾಗ ಡಬ್ಬಿ ಓದಿ ತಗೋರಿ. ಬ್ರೇಕ್ ಆಯಿಲ್ ಬಣ್ಣದ ಮ್ಯಾಲ ಬಿದ್ರ ಒರಸಬ್ಯಾಡ್ರಿ, ಕೂಡ್ಲೆ ನೀರು ಸುರೀರಿ.

ಇಳಕಲ್_ಅಂಚು

ಎಬಿಎಸ್ ಗಾಡಿ ಇದ್ರ ಸ್ಕ್ಯಾನರ್ ಇಲ್ಲದ ಏರ್ ಹೋಗೂದ ಇಲ್ಲ ಅಂತಾರ. ಹೌದೇನು?

ಚೋರ್ಲಾ_ತಿರುವು

ಅರ್ಧ ಸತ್ಯ. ಗಾಳಿ ಎಬಿಎಸ್ ಘಟಕದ ಒಳಗೆ, ಮುಚ್ಚಿದ ವಾಲ್ವುಗಳ ಆಚೆ ಹೊಕ್ಕರೆ ಮಾತ್ರ ಸ್ಕ್ಯಾನರಿನಿಂದ ಪಂಪ್ ತಿರುಗಿಸಿ ತೆಗೆಯಬೇಕಾಗುತ್ತದೆ. ಡಬ್ಬಿ ಪೂರ್ತಿ ಒಣಗಿದಾಗ ಅಥವಾ ಮಾಸ್ಟರ್ ಸಿಲಿಂಡರ್, ಎಬಿಎಸ್ ಘಟಕ ಬದಲಾಯಿಸಿದಾಗ ಆ ಸಾಧ್ಯತೆ ಉಂಟು. ಬರೀ ಕ್ಯಾಲಿಪರ್ ಬದಲಿಸಿ, ಡಬ್ಬಿ ಖಾಲಿಯಾಗದಿದ್ದರೆ ಮಾಮೂಲಿ ರೀತಿಯಲ್ಲೇ ಗಾಳಿ ಹೋಗುತ್ತದೆ. ಮೊದಲು ಅದನ್ನು ಮಾಡಿ. ಎರಡು ಸಲ ಸರಿಯಾಗಿ ತೆಗೆದ ಮೇಲೂ ಸ್ಪಂಜ್ ಉಳಿದರೆ ಆಗ ಸ್ಕ್ಯಾನರ್.

ಎಬಿಎಸ್ ಲೈಟ್ ಬೇರೆ ಕಥೆ. ಅದು ಗಾಳಿಗೆ ಹತ್ತುವುದಿಲ್ಲ. ಡಿಸ್ಕ್ ಬದಲಿಸುವಾಗ ಗಾಲಿಯ ವೇಗ ಅಳೆಯುವ ಸೆನ್ಸರ್ ವೈರ್ ಜಗ್ಗಿರುತ್ತದೆ, ಪ್ಲಗ್ ಅರ್ಧ ಕೂತಿರುತ್ತದೆ, ಇಲ್ಲವೇ ವೈರಿನ ಕ್ಲಿಪ್ ಹಾಕದೆ ಬಿಟ್ಟು ಅದು ಗಾಲಿಗೆ ಉಜ್ಜಿ ಹರಿದಿರುತ್ತದೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತಾಡಲು ಬಿಟ್ಟಿದ್ದರೆ ವೈರೂ ಹೋಸೂ ಎರಡೂ ಜಗ್ಗಿರುತ್ತವೆ. ಬಿಚ್ಚಿದ ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಅಗ್ಗದ ಬ್ಲೂಟೂತ್ ರೀಡರ್‌ಗಳಲ್ಲಿ ಬಹಳಷ್ಟು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದುವ ಯಂತ್ರ ಯಾವ ಗಾಲಿ ಎಂದು ನೇರ ಹೇಳುತ್ತದೆ.

ಉದ್ಯಮಬಾಗ_ಲೇತ್ (ಬೆಳಗಾವಿ)

ಗಾಳಿ ಬಗ್ಗೆ ಎಲ್ಲಾರೂ ಬರದ್ರಿ, ಡ್ರಮ್ ಹೆಂಗ ಸರಿ ಮಾಡೂದಂತ ಯಾರೂ ಹೇಳಲಿಲ್ಲ. ಹಿಂದಿಂದು ಸರಿ ಮಾಡದ ಏರ್ ಎಷ್ಟು ತಗದ್ರೂ ಒಂದನೇ ತುಳಿತ ಕೆಳಗ ಇರ್ತೈತಿ.

ಮೊದಲ ಒಳಗ ಹ್ಯಾಂಡ್ ಬ್ರೇಕ್ ಕೇಬಲ್ ನಟ್ ಪೂರ್ತಿ ಸಡಿಲ ಮಾಡ್ರಿ. ಬಾಳ ಮಂದಿ ತಪ್ಪೋದು ಇಲ್ಲೇ. ಹಳೇ ಲೈನರ್ ಸವದಾಗ ಯಾರೋ ಕೇಬಲ್ ಬಿಗದಿರ್ತಾರ. ಕೇಬಲ್ ಜಗ್ಗಿದ್ದಾಗ ಶೂ (ಲೈನರ್ ಅಂಟಿದ ಕಮಾನು) ಮ್ಯಾಲಿನ ಲಿವರ್ ತನ್ನ ಜಾಗಕ್ಕ ವಾಪಸ್ ಬಂದು ಕೂಡೂದಿಲ್ಲ, ಅದು ಕೂಡದಿದ್ರ ಆಟೋ ಅಡ್ಜಸ್ಟರ್ (ಲೈನರ್ ಸವದಂಗ ಗ್ಯಾಪ್ ತಾನ ಕಡಿಮಿ ಮಾಡೂದು) ಕೆಲಸ ಮಾಡೂದಿಲ್ಲ. 11 ಹಲ್ಲು ಆತಂತ ಕೇಬಲ್ ಮತ್ತ ಬಿಗದ್ರ ಹ್ಯಾಂಡ್ ಬ್ರೇಕ್ ಸರಿ ಆದಂಗ ಕಾಣತೈತಿ, ಪೆಡಲ್ ಹಂಗ ಉಳೀತೈತಿ.

ಆಮ್ಯಾಲ ಡ್ರಮ್ ತಗದು ಅಡ್ಜಸ್ಟರ್ ನೋಡ್ರಿ. ಸ್ಕ್ರೂ ಇರೂ ನಮೂನಿ ಆಗಿದ್ರ ಎಡದ್ದು ಬಲದ್ದು ಬ್ಯಾರೆ ಬ್ಯಾರೆ, ಚೂಡಿ ಉಲ್ಟಾ. ಅದಲುಬದಲು ಆದ್ರ ಆಟೋ ಅಡ್ಜಸ್ಟರ್ ಗ್ಯಾಪ್ ಕಡಿಮಿ ಮಾಡೂದ್ರ ಬದಲಿ ಹೆಚ್ಚ ಮಾಡ್ಕೋತ ಹೋಗ್ತೈತಿ. ಕ್ಯಾಲಿಪರ್ ಅದಲುಬದಲು ಆದ ಮನ್ಯಾಗ ಇದೂ ಆಗಿರಬಹುದು, ಬ್ಯಾಸರ ಆಗಬ್ಯಾಡ್ರಿ. ಒಂದೊಂದ ಕಡೆ ಬಿಚ್ಚಿ ಕೂಡಿಸಿದ ಮ್ಯಾಲ ಇನ್ನೊಂದ ಕಡೆ ಬಿಚ್ಚೂದು ಇದಕ್ಕಾಗೇ.

ಹಲ್ಲಿನ ಚಕ್ರ ತಿರುವಿ, ಡ್ರಮ್ ಹಾಕಿದಾಗ ಲೈನರ್ ಹಗುರಕ ಸವರೂ ಸಪ್ಪಳ ಬರೂವಷ್ಟು ಹೊರಗ ತರ್ರಿ. ಡ್ರಮ್ ಕೈಯಿಂದ ತಿರುಗಬೇಕು, ಹಿಡೀಬಾರದು. ಎರಡೂ ಕಡೆ ಡ್ರಮ್ ಹಾಕಿದ ಮ್ಯಾಲ ಹತ್ತಿಪ್ಪತ್ತು ಸಲ ಪೆಡಲ್ ಒತ್ತಿ ಶೂ ನಡು ಕೂಡಸ್ರಿ, ಮತ್ತೊಮ್ಮೆ ನೋಡ್ರಿ. ಡ್ರಮ್ ತಗದಿಟ್ಟಾಗ ಪೆಡಲ್ ಮುಟ್ಟಬ್ಯಾಡ್ರಿ, ವೀಲ್ ಸಿಲಿಂಡರ್ (ಡ್ರಮ್ ಒಳಗ ಶೂ ನೂಕೂದು) ಪಿಸ್ಟನ್ ಹೊರಗ ಜಿಗೀತಾವ. ಕೇಬಲ್ ಬಿಗಿಯೂದು ಎಲ್ಲಕ್ಕೂ ಕಡೀಕ, ಮ್ಯಾನ್ಯುಯಲ್ ಹೇಳಿದಷ್ಟು ಹಲ್ಲಿಗೆ. ಬಾಳಷ್ಟು ಗಾಡಿಗೆ 5ರಿಂದ 8ರೊಳಗ ಇರ್ತೈತಿ.

ವೀಲ್ ಸಿಲಿಂಡರ್ ರಬ್ಬರ್ ಬೂಟ್ ಬೆರಳಿಂದ ಸ್ವಲ್ಪ ಎತ್ತಿ ನೋಡ್ರಿ, ಒಳಗ ಆಯಿಲ್ ನಿಂತಿದ್ರ ಸೋರಾಕ ಹತ್ತೇತಿ. ಡ್ರಮ್ ಒಳಗಿನ ಪುಡಿ ಕಂಪ್ರೆಸರ್‌ನಿಂದ ಊದಬ್ಯಾಡ್ರಿ, ಹಳೇ ಲೈನರ್‌ನಾಗ ಆಸ್ಬೆಸ್ಟಾಸ್ ಇರಬಹುದು. ನೀರು ಚಿಮುಕಿಸಿ ಅರಬಿಯಿಂದ ಒರಸ್ರಿ.

ಗುಮ್ಮಟ_ರಿಂಗ್‌ರೋಡ್

ಇದ ಸಂದರ್ಭಕ್ಕ ಒಂದು ಕೇಳ್ತೀನಿ. ನಮ್ಮಲ್ಲಿ ಒಂದು ಗಾಡ್ಯಾಗ ಪ್ಯಾಡ್ ಬದಲಿ ಆದ ಮ್ಯಾಲ ಮುಂದಿನ ಎಡ ಗಾಲಿ ಬಾಳ ಕಾಯ್ತದ, ಹತ್ತು ಕಿ.ಮೀ.ಗೆ ರಿಮ್ ಮುಟ್ಟಲಿಕ್ಕೆ ಆಗೂದಿಲ್ಲ. ಬಿಸಲಿಗೆ ಅಂತ ಹೇಳೂದು ಬ್ಯಾಡ, ಬಲಗಡೆದು ತಣ್ಣಗ ಅದ. ಪಿಸ್ಟನ್ ಕೈಯಿಂದ ಒತ್ತಿದ್ರ ಒಳಗ ಹೋಗ್ತದ, ಪಿನ್ ಸಡಿಲ ಅವ.

ಹತ್ತು_ನಂಬರ್_ಪಾನಾ

ಗಾಲಿ ಎತ್ತಿ, ಒಮ್ಮೆ ಬ್ರೇಕ್ ಒತ್ತಿ ಬಿಟ್ಟು, ತಿರುವಿ ನೋಡ್ರಿ. ಹಿಡದಿದ್ರ ಆ ಗಾಲಿ ನಿಪ್ಪಲ್ ಸ್ವಲ್ಪ ಬಿಚ್ಚ್ರಿ. ಆಯಿಲ್ ಚಿಮ್ಮಿ ಗಾಲಿ ಸಡಿಲಾತು ಅಂದ್ರ ಒತ್ತಡ ವಾಪಸ್ ಹೋಗಲಾರದ ನಿಂತೈತಿ. ಹಳೇ ರಬ್ಬರ್ ಹೋಸ್ ಒಳಗಿನ ಪದರ ಸುಲದು ಬಾಗಿಲಿನಂಗ ಆಗಿರ್ತೈತಿ, ಕಾಲಿನ ಜೋರಿಗೆ ಆಯಿಲ್ ಒಳಗ ಬಿಡ್ತೈತಿ, ಹೊರಗ ಬಿಡೂದಿಲ್ಲ. ಹೊರಗಿಂದ ಹೋಸ್ ಹೊಸದರಂಗ ಕಾಣಬಹುದು. ಜೋಡಿ ಬದಲಿ ಮಾಡ್ರಿ.

ನಿಪ್ಪಲ್ ಬಿಚ್ಚಿದ ಮ್ಯಾಲೂ ಗಾಲಿ ಹಿಡಕೊಂಡ ಇದ್ರ ತಕರಾರು ಯಾಂತ್ರಿಕ. ಪ್ಯಾಡಿನ ಕಿವಿ ಬ್ರಾಕೆಟ್ಟಿನ ಸಂದಿಯೊಳಗ ಸರದಾಡತಾವೇನು ನೋಡ್ರಿ. ಕಡಿಮಿ ದರದ ಪ್ಯಾಡಿಗೆ ಬಣ್ಣ ದಪ್ಪ ಇರ್ತೈತಿ, ಸ್ಟೀಲ್ ಕ್ಲಿಪ್ ಕೆಳಗ ತುಕ್ಕು ಉಬ್ಬಿ ಜಾಗ ಸಣ್ಣದಾಗಿರ್ತೈತಿ. ಕ್ಲಿಪ್ ತಗದು ತುಕ್ಕು ಕೆರದು, ಕಿವಿ ಮ್ಯಾಲಿನ ಬಣ್ಣ ಅಷ್ಟ ಕಾನಸಿನಿಂದ ಉಜ್ಜಿ, ಎರಡು ಬೆರಳಿನಿಂದ ನೂಕಿದ್ರ ಸರಿಯೂವಂಗ ಮಾಡ್ರಿ. ಸುತಿಗಿಯಿಂದ ಬಡದು ಕೂಡಿಸಿದ ಪ್ಯಾಡ್ ಯಾವತ್ತೂ ಗಾಲಿ ಬಿಡೂದಿಲ್ಲ.

ನಾಲ್ಕೂ ಗಾಲಿ ಹಿಡದ್ರ, ಅಥವಾ ಕರ್ಣದಾಗ ಎರಡು, ಅಂದ್ರ ಮುಂದಿನ ಎಡ ಹಿಂದಿನ ಬಲ ಕೂಡಿ ಹಿಡದ್ರ, ಆಗ ಮ್ಯಾಲಿನ ಮಾಸ್ಟರ್ ಸಿಲಿಂಡರ್, ಬೂಸ್ಟರ್ ರಾಡ್ ನೋಡೂದು. ಮುಂದಿನ ಗಾಲಿಗಳಿಂದ ಓಡೂ ಸಣ್ಣ ಗಾಡ್ಯಾಗ ಬ್ರೇಕ್ ಲೈನ್ ಕರ್ಣದಾಗ ಹಂಚಿರ್ತೈತಿ.

ಗುಮ್ಮಟ_ರಿಂಗ್‌ರೋಡ್

ನಿಪ್ಪಲ್ ಬಿಚ್ಚಿದ ಕೂಡ್ಲೆ ಗಾಲಿ ಬಿಡ್ತು. ಹೋಸ್. ಜೋಡಿ ಹೇಳಿ ಕಳಿಸ್ತೀನಿ.

ನವನಗರ_47

ಕ್ಯಾಲಿಪರ್ ಸರಿ ಕಡೆ ಹಾಕ್ಯಾತು, ನಾಲ್ಕು ಹೊಸ ವಾಶರ್ ಸೈತ. ಮುಂದಿನ ಎಡಕ್ಕ ಸುಮಾರು ಹೊತ್ತು ಬರೇ ನೊರಿ ಬಂತು, ಆಮ್ಯಾಲ ಶುದ್ಧ ಆಯಿಲ್. ಲೀಟರ್‌ನಾಗ 300 ಮಿ.ಲೀ. ಉಳದೈತಿ. ಅಡ್ಜಸ್ಟರ್ ಎಲ್ ಅಂತ ಬರದಿದ್ದು ಬಲಕ್ಕ ಇತ್ತು, ಲೇತ್ ಅಣ್ಣಾರು ಹೇಳಿದಂಗ. ಈಗ ಹ್ಯಾಂಡ್ ಬ್ರೇಕ್ 6 ಹಲ್ಲಿಗೆ ನಿಲ್ತೈತಿ. ಇಂಜಿನ್ ಚಾಲೂ ಇದ್ದಾಗ ಪೆಡಲ್ ಒಂದನೇ ತುಳಿತಕ್ಕ ಅರ್ಧಕ್ಕಿಂತ ಮ್ಯಾಲ ಗಟ್ಟಿ ನಿಲ್ತೈತಿ. ಎಬಿಎಸ್: ಮುಂದಿನ ಬಲ ಸೆನ್ಸರ್ ಪ್ಲಗ್ ಅರ್ಧ ಕೂತಿತ್ತು, ಒತ್ತಿದೆ, ಸ್ವಲ್ಪ ಓಡಿಸಿದ ಮ್ಯಾಲ ಲೈಟ್ ಆರ್ತು.

ಇನ್ನ ಎರಡು ಕೇಳೂದೈತಿ. ಬ್ರೇಕ್ ಹಿಡೀತೈತಿ, ಆದ್ರ ಜೋರಾಗಿ ಒತ್ತಬೇಕು, ಸಣ್ಣಗ ಕಿರ್ರ್ ಅಂತೈತಿ. ಹೊಸ ಡಿಸ್ಕ್ ಪ್ಯಾಕೆಟ್‌ದಿಂದ ತಗದು ಒಣ ಅರಬಿಯಿಂದ ಒರಸಿ ಹಾಕಿದ್ದು.

ಉದ್ಯಮಬಾಗ_ಲೇತ್

ಹೊಸ ಡಿಸ್ಕಿಗೆ ತುಕ್ಕು ಹಿಡೀಬಾರದಂತ ಎಣ್ಣಿ ಹಚ್ಚಿರ್ತಾರ. ಒಣ ಅರಬಿಗೆ ಅದು ಹೋಗೂದಿಲ್ಲ. ಡಿಸ್ಕ್ ತಗದು ಬ್ರೇಕ್ ಕ್ಲೀನರ್ ಹೊಡದು ಎರಡೂ ಮೈ ಒರಸ್ರಿ. ಪ್ಯಾಡ್ ಮೈ ಹೊಳೀತಿದ್ರ ಸಪಾಟಾದ ಜಾಗದಾಗ 80 ಅಥವಾ 100 ನಂಬರ್ ಪಾಲಿಶ್ ಪೇಪರ್ ಇಟ್ಟು ನಾಕು ಸಲ ಉಜ್ಜ್ರಿ. ಬ್ರೇಕ್ ಆಯಿಲ್ ಅಥವಾ ಗ್ರೀಸ್ ಹೀರಿ ಕಪ್ಪ ಕಲೆ ಬಿದ್ದ ಪ್ಯಾಡ್ ಉಜ್ಜೂದ್ರಾಗ ಅರ್ಥ ಇಲ್ಲ, ಜೋಡಿ ಬದಲಿ. ಅದನ್ನ ಹಂಗ ಬಿಟ್ರ ಗಾಡಿ ಒಂದು ಕಡೆ ಎಳೀತೈತಿ.

ಡಿಸ್ಕ್ ತಗದಾಗ ಹಬ್ (ಡಿಸ್ಕ್ ಕೂಡೂ ಗಾಲಿ ನಡು) ಮೈ ನೋಡ್ರಿ, ನನಗ ಇದು ಎಲ್ಲಕ್ಕಿಂತ ಮುಖ್ಯ. ಖಾನಾಪುರ ಕಡೆ ಮಳ್ಯಾಗ ಓಡೂ ಗಾಡಿಗೆ ಹಬ್ ಮ್ಯಾಲ ತುಕ್ಕಿನ ಹೆಕ್ಕಳಿಕಿ ಕುಂತಿರ್ತೈತಿ, ಬಾಗಲಕೋಟ ಕಡೆ ಎರಿ ಮಣ್ಣು. ಅದರ ಮ್ಯಾಲ ಹೊಸ ಡಿಸ್ಕ್ ಕೂಡಿಸಿದ್ರ ಡಿಸ್ಕ್ ಸೊಟ್ಟ ತಿರುಗತೈತಿ. ಹಬ್ ಹತ್ರ ಕೂದಲೆಳೆ ಕಸ ಇದ್ರ ಅಂಚಿಗೆ ಬರೂದ್ರಾಗ ಅದರ ಎರಡ್ ಪಟ್ಟು ಓಲಾಟ. ಡಯಲ್ ಗೇಜ್ (ಓಲಾಟ ಅಳಿಯೂ ಮುಳ್ಳಿನ ಮಾಪಕ) ಹಚ್ಚಿದ್ರ ಅಂಚಿನಿಂದ ಹತ್ತು ಮಿ.ಮೀ. ಒಳಗ 0.05 ಮಿ.ಮೀ. ಒಳಗ ಇದ್ರ ಚಲೋ, 0.10 ದಾಟಬಾರದು. ಸುರುವಿಗೆ ಏನೂ ಗೊತ್ತಾಗೂದಿಲ್ಲ. ಕೆಲವು ಸಾವಿರ ಕಿ.ಮೀ. ಆದ ಮ್ಯಾಲ ಡಿಸ್ಕ್ ಒಂದ ಜಾಗದಾಗ ಹೆಚ್ಚ ಸವದು ದಪ್ಪದಾಗ ಫರಕು ಬೀಳ್ತೈತಿ, ಪೆಡಲ್ ಕಾಲಿಗೆ ಹೊಡೀತೈತಿ, ಸ್ಟೇರಿಂಗ್ ನಡಗತೈತಿ. ಆಗ ಡಿಸ್ಕ್ ಬೆಂಡ್ ಆತಂತ ಕಂಪನಿಗೆ ಬೈತಾರ, ಉದ್ಯಮಬಾಗಕ್ಕ ಲೇತ್‌ಗೆ ತರ್ತಾರ. ಕೆರದು ಕೊಡಬಹುದು, ಡಿಸ್ಕಿನ ಅಂಚಿಗೆ ಕೆತ್ತಿದ ಕನಿಷ್ಠ ದಪ್ಪಕ್ಕಿಂತ ಕಡಿಮಿ ಆಗಬಾರದು ಅಷ್ಟ. ಆದ್ರ ಹಬ್ ಸ್ವಚ್ಛ ಮಾಡದಿದ್ರ ಮತ್ತ ಅದ ಹಾಡು.

ವೈರ್ ಬ್ರಶ್, ಆಮ್ಯಾಲ ಪಾಲಿಶ್ ಪೇಪರ್, ಲೋಹ ಹೊಳಿಯೂತನಕ. ಗಾಲಿ ನಟ್ ನಕ್ಷತ್ರದ ಆಕಾರದಾಗ, ಎರಡು ಸುತ್ತಿನಾಗ, ಟಾರ್ಕ್ ಪಾನಾದಿಂದ. ಪಂಕ್ಚರ್ ಅಂಗಡಿ ಏರ್ ಗನ್ ಹಚ್ಚಿದ್ರ ನೀವು ಹಿಡಿದ 0.05 ಅಲ್ಲೇ ಹೋತು.

ಚೋರ್ಲಾ_ತಿರುವು

ಕಿರ್ರ್ ಸದ್ದಿಗೆ ಇನ್ನೊಂದು ನೋಡಿ: ಪ್ಯಾಡ್ ಸವೆದಾಗ ಸದ್ದು ಮಾಡಲೆಂದೇ ಇರುವ ತಗಡಿನ ನಾಲಿಗೆ ಒಳಗಿನ ಪ್ಯಾಡಿನಲ್ಲಿದೆಯೋ, ತಪ್ಪಿ ಬಾಗಿ ಡಿಸ್ಕಿಗೆ ತಾಗುತ್ತಿದೆಯೋ. ಪ್ಯಾಡಿನ ಹಿಂದಿನ ಶಿಮ್ (ತೆಳು ತಗಡು) ಬಿಟ್ಟುಹೋಗಿದ್ದರೂ ಕಿರುಗುಟ್ಟುತ್ತದೆ.

ಸ್ವಚ್ಛ ಮಾಡಿದ ಮೇಲೆ ಪ್ಯಾಡ್ ಪಳಗಿಸಬೇಕು. ಗಂಟೆಗೆ 60 ಕಿ.ಮೀ. ವೇಗದಿಂದ 10ಕ್ಕೆ, ಗಾಲಿ ಜಾರದಷ್ಟು ಮಧ್ಯಮ ಒತ್ತಡದಲ್ಲಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಓಡಿಸಿ ಆರಲು ಬಿಡಿ. ಹೀಗೆ ಎಂಟು-ಹತ್ತು ಸಲ. ಕೊನೆಗೆ ಐದು ಕಿ.ಮೀ. ಬ್ರೇಕ್ ಕಡಿಮೆ ಬಳಸಿ ಓಡಿಸಿ ತಣಿಸಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಂತರೆ ಅದೇ ಜಾಗದಲ್ಲಿ ಪ್ಯಾಡಿನ ಅಚ್ಚು ಮೂಡುತ್ತದೆ. ಹ್ಯಾಂಡ್ ಬ್ರೇಕ್ ಕೂಡ ಆಗ ಹಾಕಬೇಡಿ. ವಂಟಮುರಿ ಘಾಟ್, ಚೋರ್ಲಾ ಘಾಟ್ ಇಳಿಯುವ ಯೋಚನೆ ಇದ್ದರೆ ಇದು ಮುಗಿದ ಮೇಲೆ.

ಹತ್ತು_ನಂಬರ್_ಪಾನಾ

ಗದ್ದನಕೇರಿ ಕ್ರಾಸ್ ಕಡೆ ಹೋಗಬ್ಯಾಡ್ರಿ ಇದಕ್ಕ. ಕಬ್ಬಿನ ಸೀಜನ್‌ನಾಗ ಎರಡೆರಡು ಟ್ರೇಲರ್ ಟ್ರ್ಯಾಕ್ಟರ್ ಮುಂದ ಇರ್ತಾವ, ಹಿಂದ ಬಸ್ ಇರ್ತೈತಿ. ಬೆಳಗಿನ್ಯಾಗ ಖಾಲಿ ರಸ್ತಾ ನೋಡ್ರಿ.

ನವನಗರ_47

ಡಿಸ್ಕ್ ತಗದೆ. ಬಲ ಹಬ್ ಮ್ಯಾಲ ಎರಿ ಮಣ್ಣು ಗಟ್ಟಿ ಕುಂತಿತ್ತು, ಬ್ರಶ್ ಹೊಡದಾತು. ಡಿಸ್ಕ್ ಒರಸಿದ ಅರಬಿ ಕಂದಾತು, ಎಣ್ಣಿ ಇತ್ತು. ಹತ್ತು ಸಲ 60ರಿಂದ 10 ಇಳಿಸಿ ಬಂದೆ. ಈಗ ಹಗುರಕ ಒತ್ತಿದ್ರ ಹಿಡೀತೈತಿ, ಸಪ್ಪಳ ಇಲ್ಲ, ಸ್ಟೇರಿಂಗ್ ಬಿಟ್ರೂ ಸೀದಾ ನಿಲ್ತೈತಿ. ಗಾಲಿ ನಟ್ ಮತ್ತೊಮ್ಮೆ ಟಾರ್ಕ್ ನೋಡಿದೆ.

ಉಳಿದ 300 ಮಿ.ಲೀ. ಡಾಟ್ 4 ಮುಚ್ಚಳ ಬಿಗದು ಇಟ್ರ ಮುಂದಿನ ವರ್ಷಕ್ಕ ನಡೀತೈತೇನು? ಬಾಟಲಿಯೊಳಗ ಬಂದ ಹಳೇದು?

ಗುಮ್ಮಟ_ರಿಂಗ್‌ರೋಡ್

ನಡಿಯೂದಿಲ್ರಿ. ಒಮ್ಮೆ ಸೀಲ್ ಒಡದ್ರ ಗಾಳಿಯೊಳಗಿನ ತೇವ ಹೀರಕೋತ ಹೋಗ್ತದ. ಡಾಟ್ 4ರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ, ತೇವ ಕುಡದಾಗ 155. ಒಂದೆರಡು ವಾರದಾಗ ಡಬ್ಬಿಗೆ ಸ್ವಲ್ಪ ಹಾಕೂದಿದ್ರ ಹಾಕ್ರಿ, ಆಮ್ಯಾಲ ಇಡಬ್ಯಾಡ್ರಿ. ಹಳೇದು ಗಟಾರಕ್ಕ, ಹೊಲದ ಬದುವಿಗೆ ಚೆಲ್ಲಬ್ಯಾಡ್ರಿ. ಇಂಜಿನ್ ಆಯಿಲ್ ಡಬ್ಬ್ಯಾಗೂ ಕೂಡಿಸಬ್ಯಾಡ್ರಿ. ಬ್ಯಾರೆ ಬಾಟಲಿಗೆ ಹಾಕಿ ಹೆಸರು ಬರದು ಗ್ಯಾರೇಜ್‌ಗೆ ಕೊಡ್ರಿ. ಬಾಟಲಿ ನೀರಿಂದು ಇದ್ರ ಹೆಸರು ದೊಡ್ಡದಾಗಿ ಬರೀರಿ, ಹುಡುಗ್ರು ಕುಡದಾರು.